ಎರಡು ಬೆರಳು ಎತ್ತರ

"ನಾಕ ಇಂಚ ಏರಿಸಿದ್ರ ನಿನ್ನ ಗಾಡಿ ಹುಲಿ ಆಗತೈತಿ ನೋಡು," ಅಂದ ಮೌಲಾಲಿ. ತಾರಿಹಾಳದ ಅವನ ಗ್ಯಾರೇಜಿನಲ್ಲಿ ಮುಷರಫನ ಪಿಕಪ್ಪು ಜಾಕಿನ ಮೇಲೆ ಹಿಂಭಾಗ ಎತ್ತಿಕೊಂಡು ನಿಂತಿತ್ತು. "ಈಗಿನ ಹುಡುಗೂರು ಎಲ್ಲಾ ಹಂಗ ಮಾಡಸ್ತಾರ. ಟೈರೂ ದೊಡ್ಡವ ಹಾಕೂಣು."

"ಹುಲಿ ತಗೊಂಡು ನಾ ಏನ್ ಮಾಡ್ಲಿರಿ ಕಾಕಾ? ಶಾಯಿಸ್ತಾಗ ಹತ್ತಾಕ ಬರಬೇಕು." ಮುಷರಫ ತನ್ನ ಮೊಣಕಾಲಿನ ಕೆಳಗೆ ಅಂಗೈ ಹಿಡಿದು ತೋರಿಸಿದ. "ಅಕಿ ಕಾಲು ಇಷ್ಟ ಏಳತೈತಿ. ಎರಡ ಬೆರಳು ಏರಿಸ್ರಿ, ಸಾಕು. ಕೆಳಗ ಬಡೀಬಾರದು, ಮ್ಯಾಲ ಒದೀಬಾರದು."

ಹೆಂಡತಿ ಶಾಯಿಸ್ತಾಳ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿತ್ತು. ವಾರಕ್ಕೊಮ್ಮೆ ಕೆಲಗೇರಿಯಿಂದ ನವನಗರದ ಆಸ್ಪತ್ರೆಗೆ ಹೋಗಬೇಕು. ಆಟೋದಲ್ಲಿ ಕಾಲು ಚಾಚಲು ಬರುವುದಿಲ್ಲ, ಕಾರಿನ ತಗ್ಗು ಸೀಟಿನಲ್ಲಿ ಕೂತರೆ ಏಳಲು ಬರುವುದಿಲ್ಲ. ಉಳಿದದ್ದು ಪಿಕಪ್ಪಿನ ಮುಂದಿನ ಸೀಟೊಂದೇ. ಅದೂ ರಸ್ತೆಯುಬ್ಬಿನ ಒಂದೊಂದು ಹಂಪಿಗೆ ತಳ ಬಡಿದು ಮೇಲಕ್ಕೆ ಜಿಗಿಯುತ್ತಿತ್ತು, ಆಕೆ ಚೀರುತ್ತಿದ್ದಳು. ಹೋದ ವಾರ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. "ಸತ್ರ ಮನ್ಯಾಗ ಸಾಯ್ತೇನಿ. ಆ ಗಾಡಿ ಹತ್ತಂಗಿಲ್ಲ." ಒಂದು ವಾರವೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಆ ವಾರ ತಪ್ಪಿತು.

ಮೌಲಾಲಿ ಗಾಡಿಯ ಕೆಳಗೆ ಮಲಗಿ ಕೂಗಿದ. "ಸ್ಪ್ರಿಂಗಿಗೆ ಈ ಹೆಚ್ಚಿನ ಪಟ್ಟಿ ಯಾಕ ಹಾಕ್ಸೀದಿ?"

"ಬಾಡಿಗಿಗೆ ಕಬ್ಬಿಣದ ತಿಜೋರಿ ಹೇರತೇನಲ್ಲರಿ. ಎಲ್ಲಾರೂ ಹಾಕಸ್ತಾರ."

"ತಿಜೋರಿ ಇದ್ದಾಗ ಖರೇ. ಅಕಿನ್ನ ಕರಕೊಂಡ ಹೋಗೂವಾಗ ಹಿಂದ ಏನ ಇರತೈತಿ?"

ಏನೂ ಇರುತ್ತಿರಲಿಲ್ಲ. ಹೆಂಡತಿ ಕೂರುವ ಗಾಡಿಯಲ್ಲಿ ಕಬ್ಬಿಣದ ಸಾಮಾನು ಯಾಕೆಂದು ಮುಷರಫ ಹಿಂದಿನ ದಿನವೇ ಎಲ್ಲ ಇಳಿಸಿ, ನೀರು ಹೊಡೆದು ತೊಳೆದು, ಮದುವೆ ಗಾಡಿಯ ಹಾಗೆ ಒರೆಸಿ ತರುತ್ತಿದ್ದ. ಖಾಲಿ ಗಾಡಿ ಕುದುರೆಯಂತೆ ಒದೆಯುತ್ತದೆಂದು ಸಾಮಾನು ಹೇರುವ ಯಾವನಿಗೆ ಗೊತ್ತಿಲ್ಲ? ಅವನಿಗೂ ಗೊತ್ತಿತ್ತು. ಹೆಂಡತಿಯ ವಿಷಯಕ್ಕೆ ಬಂದಾಗ ಮಾತ್ರ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇಷ್ಟು ದಿನ ಅವಳನ್ನು ಚೀರಿಸಿದ್ದು ತಾನೇ.

"ತಗೀರಿ ಅದನ್ನ. ಮೆತ್ತಗಿನವು ಹಾಕ್ರಿ."

"ಬಾಗು ಹೆಚ್ಚಿದ್ದ ಮೆತ್ತಗಿನ ಪಟ್ಟಿ ಹಾಕಿದ್ರ ಎರಡ ಬೆರಳ ಏರತೈತಿ, ತೂಗಿಕೋತ ಹೋಗತೈತಿ. ಆದ್ರ ತಿಜೋರಿ ಹೇರಾಕ ಬರಂಗಿಲ್ಲ ತಮ್ಮಾ. ಹೊಟ್ಟಿಗೆ ಏನ ಮಾಡ್ತಿ?"

"ಮೊದಲ ಅಕಿ ಆರಾಮ ಆಗಲಿ."

ಟೈರಿನ ಅಂಗಡಿಯಲ್ಲಿ ಅಂಗಡಿಯವನು ಕೆಸರು-ಕಲ್ಲಿಗೆ ಜಗ್ಗದ ದಪ್ಪ ಹಲ್ಲಿನ ಟೈರು ಉರುಳಿಸಿ ತಂದ. ಮುಷರಫ ಮಾವಿನಹಣ್ಣು ನೋಡುವವನಂತೆ ಒಂದೊಂದರ ಮಗ್ಗಲನ್ನೂ ಹೆಬ್ಬೆರಳಿನಿಂದ ಒತ್ತುತ್ತ ಹೋದ. ಕೊನೆಗೆ ಸಾದಾ ಡಾಂಬರು ರಸ್ತೆಯ, ಮಗ್ಗಲು ಎತ್ತರವಾಗಿ ಮೆತ್ತಗಿದ್ದ ಟೈರು ಆರಿಸಿಕೊಂಡ. ನೋಡಲು ಏನೇನೂ ಚೆಂದವಿರಲಿಲ್ಲ.

ಸೋಮವಾರ ಬೆಳಿಗ್ಗೆ ಹಿಂದೆ ಉಸುಕಿನ ಚೀಲ ಹೇರಿ ಗಾಡಿಯನ್ನು ಬಾಗಿಲಿಗೆ ತಂದ. "ಹಂಪಿನವರೆಗೂ ಬಾ, ಒಂದ ಹಂಪು. ತ್ರಾಸಾದ್ರ ಹೊಳ್ಳಿ ಬರೂಣು," ಎಂದು ಬೇಡಿಕೊಂಡ. ಶಾಯಿಸ್ತಾ ಅವನ ಹೆಗಲ ಮೇಲೆ ಭಾರ ಹಾಕಿ ಕಾಲು ಎತ್ತಿದಳು. ಪಾದ ಮೆಟ್ಟಿಲಿಗೆ ಸಿಕ್ಕಿತು. ಹಂಪು ಬಂದಾಗ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ದಾಟೇತೇನ್ರಿ?" ಎಂದು ಕೇಳಿದಳು. ಮುಷರಫನಿಗೆ ರಸ್ತೆ ಮಸುಕಾಯಿತು. ನವನಗರ ಬರುವವರೆಗೂ ಆಕೆ ಒಮ್ಮೆಯೂ ಚೀರಲಿಲ್ಲ.

ಆಸ್ಪತ್ರೆಯಲ್ಲಿ ಹೊಸ ಸ್ಕ್ಯಾನ್ ನೋಡಿದ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು.

"ಔಷಧ ಹತ್ತಾಕತ್ತಿಲ್ಲ. ಇನ್ನ ಕರಕೊಂಡ ಬರಬ್ಯಾಡ್ರಿ."

"ಒಂದ ವಾರ ತಪ್ಪಿತಲ್ಲರಿ, ಅದಕ್ಕ ಏನು?"

"ಅದಕ್ಕಲ್ಲ. ನೋವಿನ ಗುಳಿಗಿ ಕೊಡ್ತೇನಿ. ಮನ್ಯಾಗ ಆರಾಮ ಇರ್ಲಿ."

"ಗಾಡಿ ಈಗ ಛಲೋ ಆಗೇತ್ರಿ ಸಾಹೇಬ್ರ," ಅಂದ ಮುಷರಫ. "ಅಕಿಗೆ ಈಗ ತ್ರಾಸ ಇಲ್ಲ. ದಿನಾ ಬೇಕಾದ್ರೂ ಕರಕೊಂಡ ಬರತೇನಿ." ಡಾಕ್ಟರು ಅವನ ಕೈ ಹಿಡಿದುಕೊಂಡರು.

ಹೊರಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ಶಾಯಿಸ್ತಾ ಕೇಳಿದಳು. "ಏನಂದ್ರು?"

"ಛಲೋ ಐತಿ ಅಂದ್ರು."

ಮರಳಿ ಬರುವಾಗ ಆಕೆಗೆ ಮಾತು ಬಂದಿತ್ತು. ತಿಂಗಳುಗಟ್ಟಲೆ ಈ ದಾರಿಯಲ್ಲಿ ಬಂದು ಹೋದರೂ ಕಣ್ಣು ಬಿಟ್ಟು ಏನನ್ನೂ ನೋಡಿರಲಿಲ್ಲ. ಈಗ ಪ್ರತಿ ಅಂಗಡಿಯ ಬೋರ್ಡು ಓದಿದಳು.

"ಇನ್ನ ನಾ ಹಟ ಮಾಡಂಗಿಲ್ಲ ನೋಡ್ರಿ. ಪ್ರತಿ ಸೋಮವಾರ ಬರತೇನಿ. ನೀವ ಕರೀದಿದ್ರೂ ತಯಾರಾಗಿ ಕುಂದರತೇನಿ."

"ಹೂಂ," ಅಂದ ಮುಷರಫ.

"ಕೆರಿ ಮಗ್ಗಲದಿಂದ ಹೋಗೂಣೇನ್ರಿ?"

ಕೆರೆಯ ಮಗ್ಗಲಿನ ರಸ್ತೆಯನ್ನು ಪೈಪಿಗೆಂದು ಅಗೆದು ಅರ್ಧಂಬರ್ಧ ಮುಚ್ಚಿದ್ದರು. ಅವನು ಬೇಡವೆನ್ನಲಿಲ್ಲ. ಗಾಡಿ ತಗ್ಗಿಗಿಳಿದು, ತೂಗಿ, ಮೇಲೆ ಬಂತು. ಶಾಯಿಸ್ತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಇನ್ನೊಂದ ಸಲ ಹೋಗೂಣ್ರಿ," ಅಂದಳು.

ಮುಷರಫ ಗಾಡಿಯನ್ನು ನಿಧಾನ ಹಿಂದಕ್ಕೆ ತೆಗೆದುಕೊಂಡ.