ಐದನೆಯ ವೀಳ್ಯ

ಹೆರಿಗೆ ಮನೆಗೆ ಜಾಗ ಸಿಕ್ಕಿತ್ತು, ಜನ ಸಿಕ್ಕಿರಲಿಲ್ಲ. ಅಮಲ್ದಾರರು ಕೊರಟಗೆರೆ ಪೇಟೆಯ ಹಿಂದಿದ್ದ ಖಾಲಿ ನಿವೇಶನವನ್ನು ತೋರಿಸಿ, "ಐದು ಜನರ ಸಮಿತಿ ಮಾಡಿ, ಹೆಸರು ಬರೆದು ಸೋಮವಾರ ಸಂಜೆಯೊಳಗೆ ಕಳಿಸಿ. ಇಲ್ಲವಾದರೆ ಇದು ಹರಾಜಿಗೆ ಹೋಗುತ್ತದೆ" ಎಂದಿದ್ದರು.

ನಂದೀಶ್ವರಯ್ಯ ಮೇಷ್ಟ್ರು ಶಾಲೆಯ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಆ ವರ್ಷವೇ ಅವರ ಒಬ್ಬಳೇ ಮಗಳು ದಾಕ್ಷಾಯಣಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಎರಡು ಹಗಲು ನೋವು ತಿಂದು ತೀರಿಕೊಂಡಿದ್ದಳು. ಮಧುಗಿರಿಯಿಂದ ಡಾಕ್ಟರನ್ನು ಕರೆತರಲು ಹೋದ ಗಾಡಿ ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಮೇಷ್ಟ್ರು ಅಂಗೈಯಲ್ಲಿ ಲಿಂಗವನ್ನು ಹಿಡಿದು ಕೂತಾಗಲೆಲ್ಲ ಬೇಡುತ್ತಿದ್ದುದು ಒಂದನ್ನೇ. ಈ ಸೀಮೆಯ ಹೆಣ್ಣುಮಕ್ಕಳು ಹೆರುವುದಕ್ಕೆ ಒಂದು ಸೂರು.

ಮನೆಮನೆಗೆ ವೀಳ್ಯ ಕೊಟ್ಟು ಕರೆದದ್ದರಿಂದ ಅವರೂ ಸೇರಿ ನಾಲ್ವರಾಗಿದ್ದರು. ಅವರಲ್ಲಿ ದವಸದ ಮಂಡಿಯ ಮಹಾಲಿಂಗಯ್ಯ ಲೋಕ ಕಂಡವರು.

"ಮೇಷ್ಟ್ರೇ, ಹೊಳೆಯಾಚೆ ಪಟೇಲ ದೊಡ್ಡರಂಗಪ್ಪನ್ನ ಹಿಡೀರಿ. ಅವನ ಹೆಸರಿದ್ರೆ ಅಮಲ್ದಾರ್ರು ಕಾಗದ ತಳ್ಳಾಕಲ್ಲ. ನಮ್ಮ ನಾಲ್ಕು ಜನದ ಹೆಸರು ನೋಡಿದ್ರೆ ಯಾವುದೋ ಭಜನೆ ಮಂಡ್ಲಿ ಅಂದ್ಕೋತಾರೆ" ಎಂದರು.

ಮೇಷ್ಟ್ರು ಶುಕ್ರವಾರ ಹೊಳೆ ದಾಟಿ ನಡೆದೇ ಹೋದರು. ಪಟೇಲ ಇರಲಿಲ್ಲ, ಕುರಿ ಕೊಳ್ಳಲು ಸಿರಾಕ್ಕೆ ಹೋಗಿದ್ದ. ಬಾಗಿಲಿಗೆ ಬಂದವಳು ಅವನ ತಾಯಿ ಚಿಕ್ಕಲಕ್ಷ್ಮಮ್ಮ. ಸುತ್ತಿನ ಹತ್ತೂರಲ್ಲಿ ಆಕೆ ಕೈಯಾರೆ ಹೆರಿಗೆ ಮಾಡಿಸಿದ ಮಕ್ಕಳು ಈಗ ಮಕ್ಕಳೊಂದಿಗರಾಗಿದ್ದರು. ದಾಕ್ಷಾಯಣಿಗೆ ನೋವು ಬಂದಾಗ ನೆರೆಯವರು ಇವಳನ್ನೇ ಕರೆಸಿ ಎಂದಿದ್ದರು. ಬೇರೆ ಕುಲದವಳು ಒಳಮನೆಗೆ ಬರುವುದೇ ಎಂದು ನೆಂಟರು ಮುಖ ಸಿಂಡರಿಸಿದ್ದರು. ಮೇಷ್ಟ್ರು ಸುಮ್ಮನಿದ್ದುಬಿಟ್ಟಿದ್ದರು.

ಹಾಗಾಗಿ ಈಗ ಆಕೆಯ ಮುಖ ನೋಡುವುದು ಅವರಿಂದಾಗಲಿಲ್ಲ. ಗಂಡಸರಿಗೆ ತಂದ ವೀಳ್ಯವನ್ನು, ಅವರು ಮನೆಯಲ್ಲಿಲ್ಲದಾಗ, ಜಗುಲಿಯ ಚಾಪೆಯ ಮೇಲೆ ಇಟ್ಟು ಬರುವುದು ಆ ಊರಿನ ರೂಢಿ. ಕೈಗೆ ಕೊಟ್ಟರೆ ತೆಗೆದುಕೊಂಡವರನ್ನೇ ಕರೆದಂತೆ. ಪೇಟೆಯ ಮೇಷ್ಟ್ರಿಗೆ ಇದು ತಿಳಿಯದು. ಎಲೆ ಅಡಿಕೆಯನ್ನು ಮುದುಕಿಯ ಕೈಗಿಟ್ಟು, "ಸೋಮವಾರ ಹೆರಿಗೆ ಮನೆ ಸಮಿತಿ ಕೂರುತ್ತೆ ತಾಯಿ, ನಮ್ಮ ಮನೆ ಜಗುಲೀಲಿ" ಎಂದಷ್ಟೇ ಹೇಳಿ ತಿರುಗಿಕೊಂಡರು. ಮುದುಕಿ ವೀಳ್ಯವನ್ನು ಕಣ್ಣಿಗೊತ್ತಿಕೊಂಡದ್ದನ್ನು ಅವರು ನೋಡಲಿಲ್ಲ.

ಸೋಮವಾರ ಬೆಳಗ್ಗೆ ನಾಲ್ವರೂ ಜಗುಲಿಯಲ್ಲಿ ಕೂತಿದ್ದಾಗ ಮೇಷ್ಟ್ರ ಮನೆ ಮುಂದೆ ಗಾಡಿ ಬಂದು ನಿಂತಿತು. ದೊಡ್ಡರಂಗಪ್ಪ ಇಳಿದು, ತಾಯಿಯ ಕೈ ಹಿಡಿದು ಇಳಿಸಿ, ತಾನು ಎತ್ತುಗಳ ಬಳಿಯೇ ನಿಂತ.

"ಬನ್ನಿ ಪಟೇಲ್ರೇ, ಮೇಲಕ್ಕೆ ಬನ್ನಿ" ಎಂದರು ಮಹಾಲಿಂಗಯ್ಯ.

"ನಾನ್ಯಾಕೆ ಸ್ವಾಮಿ? ನೀವು ಕರೆದಿರೋದು ಅವ್ವನ್ನ. ಸಿರಾದಿಂದ ಬಂದಾಗ್ಲಿಂದ ನೆಟ್ಟಗೆ ಒಂದು ಮುದ್ದೆ ಉಣ್ಣಾಕ್ ಬುಟ್ಟಿಲ್ಲ. ಎತ್ತು ತೊಳಿ, ಗಾಡಿಗೆ ಹುಲ್ಲು ಹಾಸು. ನನ್ನ ಮದ್ವೇಲೂ ಇಷ್ಟು ಗಡಿಬಿಡಿ ಇರ್ಲಿಲ್ಲ."

"ಮದ್ವೇಲಿ ನಿಂಗೆ ಮೂಗು ಒರೆಸ್ಕೊಳಾಕೂ ಬತ್ತಿರ್ಲಿಲ್ಲ, ನಿಂಗೇನ್ಲಾ ಗೊತ್ತು" ಎನ್ನುತ್ತ ಮುದುಕಿ ಜಗುಲಿಯೇರಿ ಒಗೆದ ಸೀರೆಯ ಸೆರಗು ಹೊದ್ದು ಕುಳಿತಳು.

ಮಹಾಲಿಂಗಯ್ಯ ಮೇಷ್ಟ್ರ ಕಿವಿಗೆ ಬಾಗಿದರು. "ಎಂಥ ಎಡವಟ್ಟು ಮಾಡಿದ್ರಿ, ಆ ಊರಲ್ಲಿ ವೀಳ್ಯ ಕೈಗೆ ಕೊಟ್ರೆ ತಗೊಂಡೋರ್ನೇ ಕರೆದಂಗೆ. ಹೋಗ್ಲಿ, ಮಗ ಇಲ್ಲೇ ಅವ್ನಲ್ಲ. ಅವನ ಕೈಲಿ ರುಜು ಹಾಕಿಸಿ, ಅಜ್ಜಿಗೆ ಹಣ್ಣು ಕಾಯಿ ಕೊಟ್ಟು ಕಳಿಸಾನ."

ಅದು ಸುಲಭವಿತ್ತು. ಆದರೆ ಎದುರಿಗೆ ಕೂತವಳಿಗೆ ಸುಳ್ಳು ಹೇಳಿ ಈ ಕೆಲಸ ಶುರು ಮಾಡಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ.

"ತಾಯಿ, ಆ ವೀಳ್ಯ ನಾನು ತಂದಿದ್ದು ನಿಮ್ಮ ಮಗನಿಗೆ. ರೂಢಿ ತಿಳೀದೆ ನಿಮ್ಮ ಕೈಗೆ ಕೊಟ್ಟೆ."

ಮುದುಕಿ ತುಸು ಹೊತ್ತು ತನ್ನ ಕೈಯನ್ನೇ ನೋಡಿಕೊಂಡಳು.

"ಅಂಗಾ" ಎಂದಳು. "ನಿಮ್ಮ ಮಗಳಿಗೆ ನೋವು ಬಂದಾಗ ನಂಗೂ ಸುದ್ದಿ ಬಂತು ಮೇಷ್ಟ್ರೇ. ಬೇರೆ ಸೀರೆ ಉಟ್ಕೊಂಡು ಜಗುಲೀಲಿ ಕುಂತಿದ್ದೆ, ಯಾರಾರಾ ಬತ್ತಾರೆ ಅಂತ. ಹೊತ್ತು ಮುಳುಗ್ತು. ಮೊನ್ನೆ ನೀವೇ ಬಂದು ಕೈಗೆ ಎಲೆ ಕೊಟ್ರಲ್ಲ, ಅಂತೂ ಕರೆದ್ರು ಅಂದ್ಕೊಂಡೆ. ಇರ್ಲಿ ಬುಡಿ." ಅವಳು ನೆಲಕ್ಕೆ ಕೈಯೂರಿ ಏಳಲು ಹೋದಳು.

"ಕೂತ್ಕೊಳಿ ತಾಯಿ." ಮೇಷ್ಟ್ರು ಕೈ ಮುಗಿದರು. "ನಾನು ತಪ್ಪು ಮಾಡಿದ್ದು ಅವತ್ತು. ಮೊನ್ನೆ ನಂಗೆ ಬುದ್ಧಿ ಇರ್ಲಿಲ್ಲ, ಶಿವನೇ ಕೈ ಹಿಡಿದು ಮಾಡಿಸ್ದ. ಈ ಸಮಿತೀಲಿ ನೀವಿರ್ಬೇಕು."

"ಅಮಲ್ದಾರ್ರು ಏನಂತಾರೋ" ಎಂದು ಮಹಾಲಿಂಗಯ್ಯ ಗೊಣಗಿದರು.

ಬೀದಿಯಿಂದ ದೊಡ್ಡರಂಗಪ್ಪ ಹೇಳಿದ: "ಕಾಗದ ನಾನೇ ತಗೊಂಡೋಗಿ ಅವರ ಮುಂದೆ ಇಡ್ತೀನಿ. ಗೋಡೆಗೆ ಕಲ್ಲೂ ಹೊಡೆಸ್ತೀನಿ. ಹೆಸರು ಅವ್ವಂದೇ ಇರ್ಲಿ. ಹೆರಿಗೆ ವಿಚಾರ ನಂಗೇನ್ ಸ್ವಾಮಿ ತಿಳೀತದೆ?"

ಮಹಾಲಿಂಗಯ್ಯ ನಕ್ಕುಬಿಟ್ಟರು. "ಅದು ನಮಗ್ಯಾರಿಗೂ ತಿಳಿಯಲ್ಲ ಕಣಪ್ಪ. ಇಷ್ಟು ದಿನ ಅದು ಹೊಳೆದೇ ಇರ್ಲಿಲ್ಲ."

ಮೇಷ್ಟ್ರು ಹೆಸರು ಬರೆದರು. ಮುದುಕಿ ಹೆಬ್ಬೆಟ್ಟು ಒತ್ತಿದಳು. ಪಟೇಲ ಕಾಗದವನ್ನು ರುಮಾಲಿನಲ್ಲಿ ಸುತ್ತಿಕೊಂಡು ಗಾಡಿ ಹೊಡೆದ. ಉಳಿದವರು ನಿವೇಶನ ಅಳೆಯಲು ಹೊರಟರು. ಜಗುಲಿಯಲ್ಲಿ ಇಬ್ಬರೇ ಉಳಿದಾಗ ಮೇಷ್ಟ್ರು ಮೂರು ವರ್ಷದಿಂದ ಯಾರನ್ನೂ ಕೇಳದ ಮಾತನ್ನು ಕೇಳಿದರು.

"ಅವತ್ತು ನಿಮ್ಮನ್ನ ಕರೆದಿದ್ರೆ, ಅವಳು ಉಳೀತಿದ್ಳಾ ತಾಯಿ?"

ಮುದುಕಿ ಅವರ ಕಡೆ ತಿರುಗಿ ಕುಳಿತಳು.

"ಅದು ನಂಗೊತ್ತಿಲ್ಲ. ಗೊತ್ತು ಅಂದ್ರೆ ದೇವ್ರು ಮೆಚ್ಚಾಕಿಲ್ಲ. ಪಕ್ಕದಲ್ಲಿ ಕುಂತು ಕೈ ಹಿಡ್ಕೊಂಡಿರ್ತಿದ್ದೆ, ಅಷ್ಟು ಹೇಳ್ಬಲ್ಲೆ."

ಮೇಷ್ಟ್ರು ಶಲ್ಯದಿಂದ ಕಣ್ಣೊರೆಸಿಕೊಂಡರು. ಅವರು ಸುಧಾರಿಸಿಕೊಳ್ಳುವವರೆಗೂ ಆಕೆ ಬೀದಿಯ ಕಡೆ ನೋಡುತ್ತ ಕೂತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಬಾಗ್ಲು ಅಗ್ಲ ಇಡಿಸ್ಬೇಕು ಮೇಷ್ಟ್ರೇ, ಬರ್ಕೊಳಿ. ಹೆರೋಳ ಜೊತೇಲಿ ಇನ್ನೊಬ್ರು ತೋಳು ಹಿಡ್ಕೊಂಡು ಒಳೀಕೆ ಬರಂಗಿರ್ಬೇಕು."

ಮೇಷ್ಟ್ರು ಬರೆದುಕೊಂಡರು.