ಬಿಳಿ ಬಿದ್ದ ಕಿತ್ತಳೆ

ಬಿಳಿ ಬಣ್ಣ ಕಿತ್ತಳೆ ಬಣ್ಣದ ಮೇಲೆ ಬಿತ್ತು, ಬಿದ್ದದ್ದು ಮುಳುಗಲಿಲ್ಲ, ಹಗ್ಗದ ಸಿಂಬಿಯ ಹಾಗೆ ಸುತ್ತಿಕೊಂಡು ಬಕೆಟ್ಟಿನ ನಡುವೆ ಕೂತಿತು — ಸುರಿದದ್ದು ಅವಳ ಗಂಡನ ಅಕ್ಕ, ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಮುಖದಲ್ಲಿ ಅಳುವ ಮಗುವಿಗೆ ಹಾಲು ಕುಡಿಸಿದವರ ಸಮಾಧಾನ, ಇಷ್ಟು ಹಾಕಿದ್ರೆ ಸಾಕು ಕಣೇ, ಕಣ್ಣಿಗೆ ಹೊಡೆಯೋದು ತಪ್ಪುತ್ತೆ, ನೋಡು ಬೇಕಾದ್ರೆ, ಎಂದರು, ಅವಳು ನೋಡುತ್ತಲೇ ಇದ್ದಳು, ನೋಡುವುದೊಂದು ಅವಳಿಗೆ ಚೆನ್ನಾಗಿ ಬರುತ್ತದೆ, ಈ ಮನೆಯಲ್ಲಿ ಯಾರ ಹುಬ್ಬು ಯಾವಾಗ ಮೇಲೇರುತ್ತದೆ ಎಂದು ಹದಿನೇಳು ವರ್ಷ ನೋಡಿ ನೋಡಿ, ಅಳೆದು ತೂಗಿ ಮಾತಾಡಿ, ಕೊನೆಗೆ ಆಡದೆಯೇ ಉಳಿಸಿಕೊಂಡ ಮಾತುಗಳೇ ಜಾಸ್ತಿ — ಪೇಂಟರ್ ಕೋಲು ಹಿಡಿದು ನಿಂತಿದ್ದಾನೆ, ಕಲಸಲೋ ಬೇಡವೋ ಎಂದು, ಕಲಸಿದರೆ ಮುಗಿಯಿತು, ಕಲಸಿದ ಬಣ್ಣವನ್ನು ಬಿಡಿಸುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ, ಇನ್ನೊಂದು ಡಬ್ಬಿ ತರೋಣವೆಂದರೆ ಅಂಗಡಿಯವನು ಆವತ್ತೇ ಹೇಳಿದ್ದ, ಬಣ್ಣ ಬೆರೆಸೋ ಮಿಷನ್‌ನಲ್ಲಿ ಎರಡನೇ ಸಲ ಮಾಡಿದ್ರೆ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತೆ ಮೇಡಂ, ಒಂದೇ ಸಲಕ್ಕೆ ತಗೊಂಡ್ಹೋಗಿ, ಅದಕ್ಕೇ ಒಂದೇ ಸಲಕ್ಕೆ ತಂದಳು, ಇದ್ದದ್ದೆಲ್ಲ ಈ ಬಕೆಟ್ಟಿನಲ್ಲಿದೆ.

ಕೇಳದೆ ಸುರಿದರಲ್ಲ! ಹಾಕಲಾ ಎನ್ನುವ ಒಂದೇ ಒಂದು ಪದ, ಪಕ್ಕದ ಮನೆಯ ಗಿಡಕ್ಕೆ ನೀರು ಹಾಕುವಾಗಲೂ ಜನ ಕೇಳುತ್ತಾರೆ, ಮೂರು ವಾರ ಅವಳು ಈ ಬಣ್ಣ ಹುಡುಕಿದ್ದು, ಬಣ್ಣದ ಮಾದರಿ ಕಾರ್ಡುಗಳನ್ನು ಗೋಡೆಗೆ ಅಂಟಿಸಿ ಬೆಳಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನಕ್ಕೊಮ್ಮೆ, ದೀಪ ಹಾಕಿದ ಮೇಲೊಮ್ಮೆ ನೋಡಿ, ಇದಕ್ಕೆ ಕಾಮಾಲೆ, ಇದು ಬರೀ ಇಟ್ಟಿಗೆ, ಇದು ಗಲಾಟೆ, ಕೊನೆಗೆ ಇದು — ಹಣ್ಣು ಪಪ್ಪಾಯಿ ಹೋಳಾದಾಗ ಒಳಗೆ ಕಾಣುವಂಥದ್ದು, ಸ್ವಲ್ಪ ಮಣ್ಣು, ಸ್ವಲ್ಪ ಕೆಂಡ — ಇಡೀ ಮನೆಗಲ್ಲ ಮಹಾರಾಯರೇ, ಬಿಸಿಲು ಬೀಳದ ಈ ಹಾಲ್‌ನ ಒಂದು ಗೋಡೆಗೆ, ಕಿಟಕಿ ತೆಗೆದರೆ ಎದುರು ಕಟ್ಟಡದ ಸಿಮೆಂಟಿನ ಬೆನ್ನು, ಇಲ್ಲೇ ಕೂತು ಅವಳು ಉತ್ತರ ಪತ್ರಿಕೆ ತಿದ್ದುವುದು, ನಾಲ್ಕು ಗಂಟೆಗೆಲ್ಲ ಎದೆಗೆ ಕತ್ತಲು ಕವಿಯುವುದೂ ಇಲ್ಲೇ, ತಲೆಯೆತ್ತಿದರೆ ಎದುರಿಗೊಂದು ಬೆಚ್ಚಗಿನದು ಇರಲಿ ಎಂದಳು, ಅಷ್ಟೇ, ರೀ ಇದು ಹೇಗಿದೆ ಎಂದು ಕಾರ್ಡು ಹಿಡಿದರೆ ಗಂಡ ಮೊಬೈಲಿನಿಂದ ತಲೆಯೆತ್ತಲಿಲ್ಲ, ನಿನ್ನಿಷ್ಟ ಕಣೇ, ನಿನ್ನಿಷ್ಟವಂತೆ! ಹಾಗಂದವನು ನಿನ್ನೆ ಮೊದಲ ಕೋಟಿನ ಫೋಟೊ ತೆಗೆದು ಅಕ್ಕನಿಗೆ ಕಳಿಸಿದ್ದಾನೆ, ಗೋಡೆ ಇನ್ನೂ ಒದ್ದೆ, ಮೇಲೆ ಟ್ಯೂಬ್‌ಲೈಟು, ಆ ಬೆಳಕಿನಲ್ಲಿ ಮದುಮಗಳೂ ರೋಗಿಯ ಹಾಗೆ ಕಾಣುತ್ತಾಳೆ, ಬೆಳಗ್ಗೆ ಒಂಬತ್ತಕ್ಕೆ ಅತ್ತಿಗೆ ಹಾಜರು, ಇದೇನೇ, ಜ್ಯೂಸ್ ಅಂಗಡಿ ಇಡ್ತೀಯಾ, ಬಂದೋರೆಲ್ಲ ಒಂದ್ ಗ್ಲಾಸ್ ಕೊಡಿ ಅಂತಾರಷ್ಟೇ, ನಕ್ಕರು, ಗಂಡ ನಕ್ಕ, ಅವಳೂ — ನಾಚಿಕೆಯಾಗಬೇಕು — ನಕ್ಕಳು, ಪೇಂಟರ್ ಒಬ್ಬನೇ ನಗಲಿಲ್ಲ, ಒದ್ದೆ ಗೋಡೆ ನೋಡಿ ಏನೂ ಹೇಳ್ಬಾರ್ದಮ್ಮ, ಎರಡು ಕೋಟ್ ಒಣಗೋವರೆಗೂ ಗೋಡೆಗೆ ಬೆನ್ನು ಹಾಕಿ ಕೂತ್ಕೊಳ್ಳಿ ಅಂತ ನಮ್ಮಪ್ಪ ಎಲ್ರಿಗೂ ಹೇಳೋರು, ಎಂದ, ಯಾರು ಕೇಳಬೇಕು, ಬಿಳಿ ಸುತ್ತಿಕೊಂಡು ಕೂತಿದೆ, ಅಂಚು ಮೆಲ್ಲಗೆ ಹರಡುತ್ತಿದೆ.

ಸ್ವಲ್ಪ, ಇವರ ಬಾಯಲ್ಲಿ ಯಾವಾಗಲೂ ಸ್ವಲ್ಪ, ಒಗೆದುಕೊಡುತ್ತೇನೆಂದು ಅವಳ ಕೆಂಪು ಪರದೆ ಒಯ್ದವರು ಬೂದಿ ಬಣ್ಣದ್ದು ತಂದು ನೇತುಹಾಕಿದರು, ಸ್ವಲ್ಪ ತಣ್ಣಗಿರ್ಲಿ ಅಂತ ಕಣೇ, ಮುಂದೆ ಓದುತ್ತೇನೆ ಅಂದದ್ದಕ್ಕೆ ಸ್ವಲ್ಪ ದಿನ ತಡಿ, ಜೋರಾಗಿ ನಕ್ಕದ್ದಕ್ಕೆ ಸ್ವಲ್ಪ ಮೆಲ್ಲಗೆ, ಎಲ್ಲವೂ ಅವಳ ಒಳ್ಳೆಯದಕ್ಕೇ, ಎಲ್ಲವೂ ಒಂದೊಂದು ಡಬ್ಬಿ ಬಿಳಿ, ಗಂಡನೆಲ್ಲಿ — ಬಾಗಿಲ ಬಳಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಾನೆ, ಚಪ್ಪಲಿ ಕಾಲಲ್ಲೇ ಇದೆ — ಅಮ್ಮಾ, ಏನ್ಮಾಡ್ಲಿ, ಪೇಂಟರ್ ಅವಳನ್ನೇ ಕೇಳುತ್ತಿದ್ದಾನೆ, ಅವಳನ್ನು, ಕಲಸಪ್ಪ, ಅವಳನ್ನೇನು ಕೇಳ್ತೀಯ, ಎಂದದ್ದು ಅತ್ತಿಗೆ, ಕೋಲು ಕೆಳಗಿಳಿಯಿತು, ಕಲಸಬೇಡಿ, ಇದು ಯಾರ ದನಿ, ಕಲಸಬೇಡಿ, ಹಾಗೇ ಇರ್ಲಿ, ಬಕೆಟ್ ಅಲ್ಲಾಡಿಸ್ಬೇಡಿ, ಅಡುಗೆಮನೆಗೆ ಎಷ್ಟು ಹೆಜ್ಜೆ, ದೊಡ್ಡ ಸೌಟು ಕೈಗೆ ಬಂತು, ಮಂಡಿಯೂರಿ ಕೂತು ಕೆನೆ ತೆಗೆಯುವ ಹಾಗೆ ಮೇಲೆಮೇಲೆ, ಉಸಿರು ಬಿಗಿಹಿಡಿದು, ಅಯ್ಯೋ ಅಯ್ಯೋ ಅದು ಅಡುಗೆ ಸೌಟು ಕಣೇ, ತಲೆ ಕೆಟ್ಟಿದೆಯಾ ನಿಂಗೆ, ಲೋ, ನೋಡೋ ನಿನ್ನ ಹೆಂಡ್ತೀನ, ಅದು ಅಡುಗೆ ಸೌಟೇ ಅತ್ತಿಗೆ, ನಂಗೊತ್ತು, ಈ ಗೋಡೆ ನನ್ನದು, ಅದೂ ನಂಗೊತ್ತು — ಪೇಂಟರ್ ಖಾಲಿ ಡಬ್ಬಿ ಹಿಡಿದ, ಒಂದು ಸೌಟು, ಎರಡು, ಬಿಳಿಯ ಜೊತೆ ಕಿತ್ತಳೆಯೂ ಬರುತ್ತಿದೆ, ಬರಲಿ, ಮೂರು, ಗೋಡೆಗೆ ಸಾಲುತ್ತದೆಯೋ ಇಲ್ಲವೋ, ಸಾಲದಿದ್ದರೆ ಮೂಲೆಯೊಂದು ಬರಿದಾಗಿಯೇ ಇರಲಿ, ನಾಲ್ಕು, ಇನ್ನೂ ಒಂದೆಳೆ, ಸೌಟು ತಂದರೆ ಜಾರುತ್ತದೆ, ಅಂಚಿಗೆ ಹೋಗುತ್ತದೆ, ತೆಳ್ಳಗಾಗುತ್ತದೆ, ಹೋಗುವುದಿಲ್ಲ, ಸೌಟು ಬಿಟ್ಟು ಮಣಿಕಟ್ಟಿನವರೆಗೆ ಕೈ ಇಳಿಸಿದಳು, ಅಲ್ಲಿ, ಬೆರಳಿನ ತುದಿಯಲ್ಲಿ, ಕಿತ್ತಳೆಯ ಮೇಲೆ, ಬಿಳಿ, ಒಂದೆಳೆ, ಬಿಳಿ —