ಬಾಯಿ ನೋಡುವ ಕೇಶರಬಾಯಿ

ಹಾವಗೆಪ್ಪ ಅಂಗಳದ ಗೋಡೆಯ ಮೇಲೆ ಹತ್ತಿ ನಿಂತು ಔರಾದಿನ ದಾರಿ ನೋಡುತ್ತಿದ್ದ. ಕೆಳಗೆ ಕ್ರಿಯೆ ಮಾಡಿಸಲು ಬಂದ ಅಯ್ಯನವರು ಮತ್ತೊಮ್ಮೆ ಕೆಮ್ಮಿದರು.

“ಹಾವಗೆಪ್ಪಾ, ಹೊತ್ತು ನೆತ್ತಿಮ್ಯಾಲ ಬಂತು. ನಿನ್ನಿ ಮುಂಜಾನಿ ಹೋದ ಜೀವ. ಇನ್ನ ಎಷ್ಟೊತ್ತು ಕೂಡಸ್ತಿ?”

“ಇನ್ನೊಂದು ಘಳಿಗಿ ತಡೀರಿ ಅಯ್ಯನೋರೆ. ಲಲಿತಾಗ ಆಳು ಕಳಿಸೇನಿ. ನಮ್ಮವ್ವಗ ತವರಿನ ಕಡಿಂದ ಉಳಿದಾಕಿ ಅಕಿ ಒಬ್ಬಾಕೇ.”

“ಎಂಟು ವರ್ಷ ದೊಡ್ಡವ್ವನ ಹೊಸ್ತಿಲಾ ತುಳೀಲಾರದಾಕಿ ಇವತ್ತ ಬರ್ತಾಳೇನು?” ಎಂದಳು ಎದುರುಮನೆಯ ಕಸ್ತೂರಿಬಾಯಿ.

ಪಡಸಾಲೆಯಲ್ಲಿ ಹಾವಗೆಪ್ಪನ ತಾಯಿ ಕೇಶರಬಾಯಿಯ ಶವವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಐದು ದಿನದ ಜ್ವರ ಮುಖವನ್ನು ಚಿಕ್ಕದು ಮಾಡಿತ್ತು. ಪಕ್ಕದಲ್ಲಿ ಕುಳಿತು ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದವಳು ಸೂಲಗಿತ್ತಿ ವಜೀರಬೀ. ಭಾಲ್ಕಿಯ ಆ ಓಣಿಯಲ್ಲಿ ಇಬ್ಬರೂ ನಲವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದವರು.

ಬಾಗಿಲಲ್ಲಿ ಶೇರವಾನಿ ತೊಟ್ಟವರೊಬ್ಬರು ನಿಂತರು. ಹೆಂಗಸರು ಸೆರಗು ಎಳೆದುಕೊಂಡರು. ಬೀದರಿನ ದವಾಖಾನೆಯ ಡಾಕ್ಟರ್ ಜಹೀರೋದ್ದೀನ. ದೌರೆಯ ಮೇಲೆ, ಹಳ್ಳಿಗಳ ತಪಾಸಣೆಗೆಂದು, ಭಾಲ್ಕಿಗೆ ಬಂದವರಿಗೆ ಬೆಳಿಗ್ಗೆಯಷ್ಟೇ ಸುದ್ದಿ ತಿಳಿದಿತ್ತು. ಹಾವಗೆಪ್ಪ ಗೋಡೆ ಇಳಿದು ಕುರ್ಚಿ ತರಲು ಹೊರಟ. ಅವರು ಬೇಡವೆಂದು ಕೈ ಆಡಿಸಿ, ಬರಿ ನೆಲದ ಮೇಲೆ ಕುಳಿತರು.

*

ಕೇಶರಬಾಯಿ ಮಿಶ್ರಿ ಮಾರುವವಳಾಗಿದ್ದಳು. ತಂಬಾಕನ್ನು ಕಬ್ಬಿಣದ ಹಂಚಿನ ಮೇಲೆ ಕಪ್ಪಗೆ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಸೋಸಿ ಮಾರುತ್ತಿದ್ದಳು. ಹೆಂಗಸರು ಅದರಿಂದ ಹಲ್ಲುಜ್ಜುತ್ತಿದ್ದರು. ಉಜ್ಜಿದ ಮೇಲೆ ಒಂದು ಚಿಟಿಕೆ ಕೆನ್ನೆಯೊಳಗೆ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಗಂಡ ಸತ್ತ ಮೇಲೆ ಆ ಹಂಚೇ ಅವಳನ್ನೂ ಹಾವಗೆಪ್ಪನನ್ನೂ ಸಾಕಿತ್ತು.

ತಂಗಿ ರುಕ್ಮಿಣಿಗೆ ಹದಿಮೂರು ವರ್ಷವಾಗಿದ್ದಾಗ ದವಡೆ ಹಲ್ಲು ನೋಯುತ್ತಿತ್ತು. ಕೇಶರಬಾಯಿಯೇ ಬೆರಳಿನಿಂದ ಮಿಶ್ರಿ ಹಚ್ಚಿದಳು. ಹುಡುಗಿಗೆ ತಲೆ ತಿರುಗಿತು, ವಾಂತಿಯಾಯಿತು, ನೋವೂ ನಿಂತಿತು. ಆಮೇಲೆ ಬಿಡಲಾಗಲಿಲ್ಲ. ಮೂವತ್ತು ವರ್ಷಗಳ ನಂತರ ಅದೇ ಕೆನ್ನೆಯೊಳಗೆ ಹುಣ್ಣಾಗಿ, ಹೊರಗೆ ತೂತು ಬಿದ್ದಾಗ, ಅಕ್ಕ ಅವಳನ್ನು ಬಂಡಿಯಲ್ಲಿ ಹಾಕಿಕೊಂಡು ಬೀದರಿಗೆ ಹೋದಳು.

ಡಾಕ್ಟರು ನೋಡಿ, ಕೈ ತೊಳೆದುಕೊಂಡು, ಕೇಶರಬಾಯಿಯನ್ನು ಹೊರಗೆ ಕರೆದರು.

“ಭಾಳ ತಡಾ ಆಗ್ಯಾದ ಅಮ್ಮಾ. ಇಕಿ ಮಿಶ್ರಿ ಯಾವ ಕಡಿ ಇಡ್ತಿದ್ಳು?”

“ಎಡಕ್ಕರಿ.”

“ಹುಣ್ಣೂ ಎಡಕ್ಕ ಅದ. ನಿಮ್ಮ ಕಡಿಂದ ಬಂದ ಏಳನೇ ಹೆಂಗಸು ಇಕಿ. ಏಳೂ ಮಂದಿಗೂ ಮಿಶ್ರಿ ಇಟ್ಟ ಕಡಿನೇ ಹುಣ್ಣು.”

ಕೇಶರಬಾಯಿ ಕೇಳಿದಳು: “ಮಿಶ್ರಿಲೇ ಆಯ್ತಂತ ಖರೇ ಹೇಳ್ತೀರೇನ್ರಿ?”

“ಈಗ ಹೇಳಲಿಕ್ಕೆ ಬರೂದಿಲ್ಲ. ಏಳು ಬಾಯಿಲಿಂದ ಏನೂ ಸಾಬೀತ ಆಗೂದಿಲ್ಲ. ನೂರಾರು ಬಾಯಿ ನೋಡಬೇಕು. ಆದರ ಹೆಂಗಸರು ನನ್ನ ಮುಂದ ಬಾಯಿ ತೆರೀಬೇಕಲ್ಲ?”

“ನನ್ನ ಮುಂದ ತೆರೀತಾರ್ರಿ,” ಎಂದಳು ಕೇಶರಬಾಯಿ.

ರುಕ್ಮಿಣಿ ಹತ್ತಿ ಬಿಡಿಸುವ ಕಾಲಕ್ಕೆ ತೀರಿಕೊಂಡಳು. ತಿಂಗಳ ಕ್ರಿಯೆ ಮುಗಿಸಿದ ಕೇಶರಬಾಯಿ ಒಬ್ಬಳೇ ಬೀದರಿಗೆ ಹೋಗಿ, ಏನು ನೋಡಬೇಕೆಂದು ಕಲಿತು ಬಂದಳು. ಬಿಳಿ ಕಲೆ ಇದೆಯೋ, ಕೆಂಪು ಇದೆಯೋ. ಬೆರಳಿಗೆ ಮೆತ್ತಗೆ ಸಿಕ್ಕರೆ ಮಿಶ್ರಿ ಬಿಡಿಸಿದರೆ ಸಾಕು, ಕಲೆ ಎಷ್ಟೋ ಸಲ ತಾನೇ ಹೋಗುತ್ತದೆ. ಅಂಚು ಗಟ್ಟಿಯಾಗಿದ್ದರೆ ಅವತ್ತೇ ಬೀದರಿಗೆ. ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು.

“ಮಿಶ್ರಿ ಹಚ್ಚದವರ ಬಾಯಿನೂ ನೋಡಬೇಕು.”

“ಅವರದ್ಯಾಕ್ರಿ?”

“ಅವರಿಗೂ ಅಷ್ಟೇ ಹುಣ್ಣು ಇದ್ರ ಮಿಶ್ರೀದು ತಪ್ಪಿಲ್ಲ ಅಂತ ಆಗ್ತದ.”

ಆ ಮಾತನ್ನು ಅವಳು ದಾರಿಯುದ್ದಕ್ಕೂ ಹಿಡಿದುಕೊಂಡು ಬಂದಳು.

*

“ನಾಲ್ಕು ವರ್ಷ ತಿರಗ್ಯಾಳ್ರಿ,” ಪಡಸಾಲೆಯ ನೆಲದ ಮೇಲೆ ಕುಳಿತ ಡಾಕ್ಟರು ಹಾವಗೆಪ್ಪನಿಗೆ ಹೇಳುತ್ತಿದ್ದರು. “ಭಾಲ್ಕಿ, ಜನವಾಡ, ಕಮಠಾಣ, ಔರಾದ ತನಕ. ಓದು ಬರಹ ಇಲ್ಲ. ಹದಿನೈದು ದಿನಕ್ಕೊಮ್ಮೆ ಬಂದು ಒಂದೊಂದೇ ಬಾಯಿ ನೆನಪಿಲಿಂದ ಹೇಳ್ತಿದ್ಳು. ಬಳಿಗಾರ ಓಣಿ ಸೊಸಿ, ಎಡಗಲ್ಲ, ಬಿಳಿ ಕಲಿ, ಬೆರಳ ತುದಿಯಷ್ಟು, ಮೆತ್ತಗ. ನಾನು ಬರಕೋತಿದ್ದೆ. ಒಂದ ದಿನಾನೂ ತಪ್ಪು ಹೇಳಲಿಲ್ಲ.”

“ಮನಿಮನಿಗೆ ನಾನೂ ಹೋಗ್ತಿದ್ದೆ ಸಾಬ್,” ಎಂದಳು ವಜೀರಬೀ. “ಮೊದಲ ಮಿಶ್ರಿ ಕೊಟ್ಟಿ, ಈಗ ಬಾಯಿ ಬಿಡಸ್ತಿ ಅಂತ ಬೈತಿದ್ರು. ನಗತಿದ್ಳು. ಹಚ್ಚುವವರ ಬಾಯಿ ನೋಡುವಾಗ ಕೈ ನಡಗತಿರಲಿಲ್ಲ. ಹಚ್ಚದವರ ಬಾಯಿ ನೋಡುವಾಗ ನಡಗತಿತ್ತು.”

“ಹಚ್ಚದವರದು? ಯಾಕ?” ಎಂದರು ಡಾಕ್ಟರು.

ವಜೀರಬೀ ಬೀಸಣಿಗೆ ನಿಲ್ಲಿಸಿದಳು. “ಒಂದರ ಹುಣ್ಣು ಸಿಗಲಿ ಸಿಗಲಿ ಅಂತ ಬೇಡಕೋತಿದ್ಳ್ರಿ. ಸಿಕ್ರ ತಂಗಿ ಸತ್ತದ್ದು ತನ್ನ ಕೈಲಿಂದ ಅಲ್ಲ ಅಂತ ಆಗ್ತಿತ್ತಲ್ಲ. ಬಾಯಿ ಸ್ವಚ್ಛ ಇದ್ರ ಆ ಮನಿಯವರಿಗೆ ‘ಛಲೋ ಅದ’ ಅಂತ ಹೇಳಿ, ಹೊರಗ ಬಂದು ಗೋಡಿಗೆ ಆನಕೊಂಡು ನಿಲ್ತಿದ್ಳು.”

ಡಾಕ್ಟರು ತಲೆ ತಗ್ಗಿಸಿದರು.

“ನನಗ ಇದು ಗೊತ್ತಿರಲಿಲ್ಲ,” ಎಂದರು. “ಬೇಕಾದ್ರ ಅಕಿ ಸುಳ್ಳು ಹೇಳಬಹುದಿತ್ತು. ನಾನು ಅದನ್ನೂ ಬರಕೋತಿದ್ದೆ.”

“ನಿಮ್ಮ ರಿಪೋರ್ಟಿನಾಗ ಅಕಿ ಹೆಸರು ಹಾಕೀರೇನ್ರಿ?” ಕೇಳಿದಳು ವಜೀರಬೀ.

“ಹೈದರಾಬಾದಿನಾಗ ಛಾಪಿಸ್ಯಾರ. ‘ಊರಿನ ಒಬ್ಬ ಹೆಂಗಸಿನ ಮದತ್ತಿಲಿಂದ’ ಅಂತ ಬರದೇನಿ.” ಅವರ ದನಿ ಸಣ್ಣದಾಯಿತು. “ಹೆಸರು ಹಾಕಲಿಲ್ಲ.”

*

ನಾಲ್ಕು ವರ್ಷ ಮುಗಿದ ದಿನ ಡಾಕ್ಟರು ಬರೆದದ್ದನ್ನೆಲ್ಲ ಕೂಡಿಸಿ ಓದಿ ಹೇಳಿದ್ದರು. ಹಚ್ಚುವ ನೂರು ಮಂದಿಯಲ್ಲಿ ಹದಿನೆಂಟು ಜನಕ್ಕೆ ಕಲೆಯೋ ಹುಣ್ಣೋ ಇತ್ತು; ಹಚ್ಚದ ನೂರು ಮಂದಿಯಲ್ಲಿ ಒಬ್ಬಳಿಗೆ. ಮಿಶ್ರಿ ಮಾರುವುದನ್ನು ಕೇಶರಬಾಯಿ ತಂಗಿ ಸತ್ತಾಗಲೇ ಬಿಟ್ಟಿದ್ದಳು. ಹಾವಗೆಪ್ಪ ಗಾಣದವರ ಹತ್ತಿರ ದುಡಿಯುತ್ತಿದ್ದ. ಅವತ್ತು ಅವಳು ಸೀದಾ ಮನೆಗೆ ಬರಲಿಲ್ಲ. ಔರಾದಿಗೆ, ರುಕ್ಮಿಣಿಯ ಮಗಳು ಲಲಿತಾಬಾಯಿಯ ಮನೆಗೆ ಹೋದಳು.

ಲಲಿತಾ ಜೋಳ ಹಸನು ಮಾಡುತ್ತಿದ್ದಳು. ದೊಡ್ಡವ್ವನನ್ನು ಕಂಡು ಮೊರ ಬದಿಗಿಟ್ಟು ನೀರು ತಂದಳು.

“ನೀರು ಆಮ್ಯಾಲ ಕುಡೀತೇನಿ,” ಎಂದಳು ಕೇಶರಬಾಯಿ. “ಮೊದಲ ನಾ ಹೇಳೂದು ಕೇಳು. ನಿಮ್ಮವ್ವ ಸತ್ತದ್ದು ಮಿಶ್ರಿಲಿಂದ. ಅಕಿಗಿ ಮೊದಲ ಹಚ್ಚಿದಾಕಿ ನಾನು.”

ಲಲಿತಾಳ ಕೈಯಲ್ಲಿ ತಂಬಿಗೆ ಹಾಗೇ ಉಳಿಯಿತು.

“ನನಗೂ ನೀವೇ ಹಚ್ಚೀರಿ,” ಎಂದಳು.

“ಹೌದವ್ವಾ. ಅದಕ್ಕೇ ಬಂದೇನಿ. ಒಮ್ಮಿ ಬಾಯಿ ತೋರ್ಸು.”

“ತೋರ್ಸೂದಿಲ್ಲ. ನಮ್ಮವ್ವನ ಬಾಯಿ ಆಗ ಯಾಕ ನೋಡಲಿಲ್ಲ? ಊರ ಮಂದಿ ಬಾಯೆಲ್ಲಾ ನೋಡಿ ಪುಣ್ಯಾ ಕಟ್ಕೋರಿ. ನನ್ನ ಬಾಯಿ ಮಾತ್ರ ಬ್ಯಾಡ.”

ಕೇಶರಬಾಯಿ ಹೊಸ್ತಿಲ ಹೊರಗೆ ಬಿಸಿಲಿನಲ್ಲಿ ಸಂಜೆಯತನಕ ಕುಳಿತಿದ್ದಳು. ಲಲಿತಾ ಮುಚ್ಚಿಕೊಂಡ ಬಾಗಿಲು ತೆರೆಯಲಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದಳು. ಲಲಿತಾ ಹಟಕ್ಕೆ ಬಿದ್ದವಳಂತೆ, ದೊಡ್ಡವ್ವನ ಕಣ್ಣೆದುರೇ ಮಿಶ್ರಿ ತಿಕ್ಕಿಕೊಂಡು ಒಳಗೆ ಹೋಗುತ್ತಿದ್ದಳು.

*

ಶವ ಕೂರಿಸಿದ ಹೂವಿನ ವಿಮಾನ ಎತ್ತುವ ಹೊತ್ತಿಗೆ ಬಂಡಿ ಬಂತು. ಲಲಿತಾಬಾಯಿ ಇಳಿದಳು. ರಾತ್ರಿಯಿಡೀ ಬಂಡಿಯಲ್ಲಿ ಕುಳಿತು ಬಂದ ಧೂಳು ಕೂದಲ ಮೇಲಿತ್ತು. ಎಲ್ಲರೂ ದಾರಿ ಬಿಟ್ಟರು. ಅವಳು ದೊಡ್ಡವ್ವನ ಮುಂದೆ ನಿಂತು ನೋಡಿದಳು, ಅಳಲಿಲ್ಲ. ಅಯ್ಯನವರು ಹೇಳಿದಂತೆ ಪಾದಕ್ಕೆ ವಿಭೂತಿ ಹಚ್ಚಿದಳು. ಊರ ಹೊರಗಿನ ಹೊಲದಲ್ಲಿ ಕೇಶರಬಾಯಿಯನ್ನು ಗುಂಡಿಯೊಳಗೆ ಕೂರಿಸಿ, ಬಿಲ್ವಪತ್ರಿ ಸುರಿದು, ಉಪ್ಪು ವಿಭೂತಿ ಹಾಕಿದರು. ಲಲಿತಾ ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದಳು; ಮತ್ತೆ ಬಗ್ಗಿ ಇನ್ನೊಂದು ಹಿಡಿ ಹಾಕಿದಳು.

ಮರಳಿ ಬಂದು ಮೈ ತೊಳೆದುಕೊಂಡ ಮೇಲೆ ಕಸ್ತೂರಿಬಾಯಿ ತನ್ನ ಮನೆಯಿಂದ ರೊಟ್ಟಿ, ಬೇಳೆ, ಖಾರ ತಂದು ಅಂಗಳದಲ್ಲಿ ಬಡಿಸಿದಳು. ಡಾಕ್ಟರು ಹೊರಗಿನ ಕಟ್ಟೆಯ ಮೇಲೆ ಟಾಂಗಾ ಕಾಯುತ್ತಿದ್ದರು. ಲಲಿತಾ ಖಾರ ಬದಿಗೆ ಸರಿಸಿದಳು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಹಾಕಿ, ತಲೆ ಒಂದು ಕಡೆ ವಾಲಿಸಿ ನಿಧಾನವಾಗಿ ಅಗಿದಳು. ಎದುರು ಕುಳಿತ ವಜೀರಬೀ ಮೂರು ತುತ್ತಿನತನಕ ನೋಡಿದಳು.

“ಯಾವ ಕಡಿ ಅದ?” ಎಂದಳು, ಬೇರೆ ಯಾರಿಗೂ ಕೇಳದ ಹಾಗೆ.

ಲಲಿತಾಳ ಕೈ ನಿಂತಿತು. ಕಣ್ಣು ತುಂಬಿತು.

“ಬಲಕ್ಕರಿ.”

“ಯಾವಾಗಿಂದ?”

“ದೀಪಾವಳಿಲಿಂದ. ಉರೀತದ. ಈ ಸಲ ದೊಡ್ಡವ್ವ ಬಂದ್ರ ತೋರ್ಸಬೇಕಂತ ಮಾಡಿದ್ದೆರಿ. ಬರ್ತಾಳ ಅಂತ ದಿನಾ ದಾರಿ ನೋಡ್ತಿದ್ದೆ. ಆಳು ಬಂದು ಹೇಳಿದ.”

ವಜೀರಬೀ ಎದ್ದು ಕೈ ತೊಳೆದುಕೊಂಡಳು. ಲಲಿತಾಳನ್ನು ಅಂಗಳದ ನಡುವೆ ಬಿಸಿಲಿಗೆ ಮುಖ ಮಾಡಿ ಕೂರಿಸಿದಳು. ಲಲಿತಾ ಬಾಯಿ ತೆರೆದಳು. ಕೆನ್ನೆಯೊಳಗೆ ಬೆಳ್ಳಗೆ, ಹುಣಸೆ ಬೀಜದಷ್ಟು ಕಲೆ. ವಜೀರಬೀ ಬೆರಳಿಟ್ಟು ಅಂಚಿನ ಸುತ್ತ ಒಂದು ಸುತ್ತು ಆಡಿಸಿದಳು.

“ಮೆತ್ತಗದ,” ಎಂದಳು. “ಸಾಬರಿಗೂ ತೋರ್ಸೋಣ. ಆದ್ರ ಮೆತ್ತಗದವ್ವಾ.”

ಲಲಿತಾ ಬಾಯಿ ಮುಚ್ಚಲಿಲ್ಲ. ನೀರು ಕಣ್ಣಿನಿಂದ ಇಳಿದು ಕಿವಿಯ ಕಡೆಗೆ ಹರಿಯಿತು. ವಜೀರಬೀಯ ಕೈ ಹಿಡಿದು ಮತ್ತೆ ಕೆನ್ನೆಯ ಹತ್ತಿರ ತಂದಳು.

“ಇನ್ನೊಮ್ಮಿ ನೋಡ್ರಿ.”

ವಜೀರಬೀ ಬಗ್ಗಿದಳು. ಬಿಸಿಲಿಗೆ ಅಡ್ಡವಾಗಿ ನಿಂತಿದ್ದ ಕಸ್ತೂರಿಬಾಯಿ, ತನ್ನ ನೆರಳು ಆ ಬಾಯಿಯ ಮೇಲೆ ಬೀಳುತ್ತಿರುವುದನ್ನು ಕಂಡು, ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು.